12 ವರ್ಷದ ಹಿಂದಿನ ಕಿಡ್ನಿ ಆಪರೇಷನ್, ಈಗ ಕುತ್ತಿಗೆಯಲ್ಲಿ ಗಂಟು

ಇವತ್ತು ಭದ್ರಾವತಿಯ ಒಬ್ಬ ಯಜಮಾನರ ವಿಷಯ ಹೇಳ್ತೀನಿ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೀನಿ.

ಕುತ್ತಿಗೆಯ ಗಂಟು ತೋರಿಸೋಕೆ ಶಿವಮೊಗ್ಗಕ್ಕೆ ನನ್ನ ಹತ್ರ ಬಂದಿದ್ರು. ಮೂರೇ ತಿಂಗಳಲ್ಲಿ ನಿಂಬೆಹಣ್ಣಿನಷ್ಟಾಗಿತ್ತು. ನೋವಿಲ್ಲ. ಥೈರಾಯ್ಡ್ ರಕ್ತಪರೀಕ್ಷೆ ಸರಿಯಾಗಿತ್ತು. ಸೂಜಿ ಪರೀಕ್ಷೆಯಲ್ಲಿ ಮಾತ್ರ, ಥೈರಾಯ್ಡಿನದೇ ಗಡ್ಡೆ ಇರಬಹುದು, ಖಚಿತವಿಲ್ಲ ಅಂತ ಬಂದಿತ್ತು.

'ಹಿಂದೆ ಏನಾದ್ರೂ ಆಪರೇಷನ್ ಆಗಿದೆಯಾ?'

'ಏನೂ ಇಲ್ಲ ಸಾರ್.'

ಪಕ್ಕದಲ್ಲಿದ್ದ ಅವರ ಹೆಂಡತಿಗೆ ತಡೆಯೋಕಾಗ್ಲಿಲ್ಲ. 'ಏನೂ ಇಲ್ಲ ಅಂದ್ರೆ? ಕಿಡ್ನಿ ತೆಗೆಸಿದ್ದು ಯಾರದ್ದು ಹಾಗಾದ್ರೆ?'

12 ವರ್ಷದ ಹಿಂದೆ ಕ್ಯಾನ್ಸರ್ ಅಂತ ಬಲಗಡೆ ಕಿಡ್ನಿ ತೆಗೆದಿದ್ರು. ವಾಸಿಯಾಯ್ತಲ್ಲ ಅಂತ ಇವರು ಮರೆತೇಬಿಟ್ಟಿದ್ರು. ಆಯಮ್ಮ ಹೇಳದಿದ್ರೆ ನಾನೂ ದಾರಿ ತಪ್ಪುತ್ತಿದ್ದೆ.

ಬೇರೆ ಅಂಗದ ಕ್ಯಾನ್ಸರ್ ಥೈರಾಯ್ಡಿಗೆ ಬಂದು ಗಂಟಾಗೋದು ಅಪರೂಪ. ಹಾಗೆ ಬಂದಾಗ ಮೂಲ ಹೆಚ್ಚಾಗಿ ಕಿಡ್ನಿಯೇ. ಹತ್ತಿಪ್ಪತ್ತು ವರ್ಷ ಸುಮ್ಮನಿದ್ದು ತಲೆ ಎತ್ತೋದೂ ಉಂಟು. ಹಳೇ ಕಾಯಿಲೆ ಗೊತ್ತಾದ ಮೇಲೆ ಮಾದರಿಯನ್ನ ಮತ್ತೆ ಪರೀಕ್ಷೆ ಮಾಡಿಸಿದ್ವಿ. ಥೈರಾಯ್ಡ್ ಕೋಶಗಳಲ್ಲಿ ಇರಬೇಕಾದ ಥೈರೋಗ್ಲೋಬ್ಯುಲಿನ್ ಇರಲಿಲ್ಲ. ಕಿಡ್ನಿಯದ್ದೇ ಅಂತ ತೀರ್ಮಾನವಾಯ್ತು.

ಎಲ್ಲಿಂದ ಬಂದ್ರೇನು, ಕ್ಯಾನ್ಸರ್ ಕ್ಯಾನ್ಸರೇ ಅಲ್ವಾ ಅಂತೀರಾ? ಅಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಕೊಡೋ ರೇಡಿಯೋ ಅಯೋಡಿನ್ ಇದಕ್ಕೆ ನಾಟಲ್ಲ. ಕಿಡ್ನಿಯ ಕ್ಯಾನ್ಸರ್ ಕೋಶ ಅಯೋಡಿನ್ ಹೀರಿಕೊಳ್ಳಲ್ಲ.

ಎದೆ, ಹೊಟ್ಟೆ ಎಲ್ಲ ಸ್ಕ್ಯಾನ್ ಮಾಡಿಸಿದ್ವಿ. ಉಳಿದಿರೋದು ಒಂದೇ ಕಿಡ್ನಿ, ಸ್ಕ್ಯಾನಿಗೆ ಹಾಕೋ ಔಷಧಿ ವಿಷಯದಲ್ಲೂ ಹುಷಾರಾಗಿರಬೇಕಿತ್ತು. ಬೇರೆಲ್ಲೂ ಏನೂ ಕಾಣಲಿಲ್ಲ.

'ಹರಡಿದ ಮೇಲೆ ಕೊಯ್ದು ಏನು ಪ್ರಯೋಜನ ಡಾಕ್ಟ್ರೇ?' ಅಂದ್ರು. ನ್ಯಾಯವಾದ ಪ್ರಶ್ನೆ. ಹರಡಿದ ಎಲ್ಲ ಕ್ಯಾನ್ಸರಿಗೂ ನಾನು ಕತ್ತರಿ ಹಿಡಿಯಲ್ಲ. ಆದ್ರೆ ಒಂದೇ ಕಡೆ ಇದ್ದು ಪೂರ್ತಿ ತೆಗೆಯೋಕಾದ್ರೆ, ಎಷ್ಟೋ ಜನ ವರ್ಷಗಟ್ಟಲೆ ಚೆನ್ನಾಗಿರ್ತಾರೆ. ಬಿಟ್ಟರೆ ಉಸಿರಿನ ಕೊಳವೆ ಒತ್ತಬಹುದು. ಗ್ಯಾರಂಟಿ ಮಾತ್ರ ಕೊಡಲಿಲ್ಲ.

ಈ ಗಡ್ಡೆಗೆ ರಕ್ತ ಜಾಸ್ತಿ. ಕೆಲವೊಮ್ಮೆ ಕುತ್ತಿಗೆಯ ದೊಡ್ಡ ರಕ್ತನಾಳದೊಳಗೂ ನುಗ್ಗಿರುತ್ತೆ. ಇವರಿಗೆ ಹಾಗಾಗಿರಲಿಲ್ಲ, ನಮ್ಮ ಪುಣ್ಯ. ಧ್ವನಿಯ ನರಗಳನ್ನ ಉಳಿಸಿಕೊಂಡು ಥೈರಾಯ್ಡ್ ಪೂರ್ತಿ ತೆಗೆದ್ವಿ. ಆದ್ರೂ ಮೂರು ವಾರ ಗಂಟಲು ಕಟ್ಟಿತ್ತು, ಕ್ಯಾಲ್ಸಿಯಂ ಇಳಿದು ಬೆರಳು ಜುಮ್ಮೆಂದಿತ್ತು. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಮಾತ್ರೆ ತಗೋತಾರೆ, ಅದು ಜೀವನಪೂರ್ತಿ. ಇನ್ನೆಲ್ಲಾದ್ರೂ ಕಾಣಿಸಿಕೊಂಡ್ರೆ ಬೇರೆ ಮಾತ್ರೆ, ಇಂಜೆಕ್ಷನ್ ಇವೆ, ಅದನ್ನ ಕ್ಯಾನ್ಸರ್ ಡಾಕ್ಟ್ರು ನೋಡ್ಕೋತಾರೆ.

ಹೋದ ಸಲ ಚೆಕಪ್‌ಗೆ ಬಂದಾಗ, ಯಜಮಾನರು ಕೂರೋಕ್ಕಿಂತ ಮೊದಲೇ ಆಯಮ್ಮ ಹಳೇ ಕಿಡ್ನಿ ಫೈಲನ್ನ ನನ್ನ ಮೇಜಿನ ಮೇಲೆ ಇಟ್ಟರು.