ಹಾಡು ನಮ್ಮ ಹೃದಯದಲ್ಲಿ ಎಬ್ಬಿಸುವುದು ಏನನ್ನು?

ಸರ್ವಸ್ತುತಿ ಲೋಕಗಳ ಪ್ರಭುವಾದ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೆ ಶಾಂತಿ, ಅನುಗ್ರಹಗಳಿರಲಿ.

ಸತ್ಯವಿಶ್ವಾಸಿ ಸಹೋದರರೇ, ಸಹೋದರಿಯರೇ, ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನಮಗೂ ಬಳಿಕ ನಿಮಗೂ ಉಪದೇಶಿಸುತ್ತೇವೆ.

ಹೆತ್ತವರು ನಮ್ಮಲ್ಲಿ ಆಗಾಗ ಕೇಳುವ ಪ್ರಶ್ನೆಯೊಂದಿದೆ. ಮಗ ಇಡೀ ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುತ್ತಾನೆ, ಕೇಳಿದರೆ 'ಬರೀ ಹಾಡಲ್ಲವೇ, ಅದರಿಂದ ಯಾರಿಗೇನು ನಷ್ಟ' ಎನ್ನುತ್ತಾನೆ, ನಾವೇನು ಹೇಳಬೇಕು ಎಂದು. ಪ್ರಶ್ನೆ ನ್ಯಾಯವಾದದ್ದು. 'ಹರಾಮ್' ಎಂಬ ಒಂದೇ ಪದದಿಂದ ಅವನ ಬಾಯಿ ಮುಚ್ಚಿಸಬಹುದು. ಆದರೆ ಬಾಯಿ ಮುಚ್ಚಿದ ಮಾತ್ರಕ್ಕೆ ಮನಸ್ಸು ತಿದ್ದಿದಂತಾಗುವುದಿಲ್ಲ.

ಮೊದಲು ವಿದ್ವಾಂಸರ ನಿಲುವನ್ನು ತಿಳಿಯೋಣ. ಲುಕ್ಮಾನ್ ಅಧ್ಯಾಯದ 6ನೇ ಸೂಕ್ತವು ಜನರನ್ನು ಅಲ್ಲಾಹನ ಮಾರ್ಗದಿಂದ ತಪ್ಪಿಸಲು ಮೋಜಿನ ಮಾತುಗಳನ್ನು ಕೊಳ್ಳುವವರನ್ನು ಎಚ್ಚರಿಸುತ್ತದೆ. ಅದು ಹಾಡನ್ನೇ ಉದ್ದೇಶಿಸಿದೆ ಎಂದು ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ಆಣೆಯಿಟ್ಟು ಹೇಳಿದ್ದಾರೆ. ನಾಲ್ಕೂ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ಹೆಚ್ಚಿನ ವಾದ್ಯಗಳನ್ನು ನಿಷಿದ್ಧವೆಂದು ಕಂಡಿದ್ದಾರೆ. ಕ್ರಿ.ಶ. 1064ರಲ್ಲಿ ನಿಧನರಾದ ಸ್ಪೇನಿನ ಇಬ್ನ್ ಹಝ್ಮ್ ಅವರಂಥ ಕೆಲವರು ಆ ಬಗೆಗಿನ ಹದೀಸ್‌ಗಳ ಸನದನ್ನು ಪ್ರಶ್ನಿಸಿ ಬೇರೆ ಅಭಿಪ್ರಾಯ ತಾಳಿದರು. ಈ ಚರ್ಚೆ ಸಾವಿರ ವರ್ಷ ಹಳೆಯದು. ಇಂದಿನ ಖುತ್ಬಾದಲ್ಲಿ ಅದನ್ನು ಮುಗಿಸುವ ಉದ್ದೇಶ ನಮಗಿಲ್ಲ. ಯಾರಿಗೂ ಭಿನ್ನಾಭಿಪ್ರಾಯವಿಲ್ಲದ ಒಂದು ವಿಷಯ ಇದರೊಳಗಿದೆ. ನಾವು ಮಾತನಾಡಬೇಕಾದದ್ದು ಅದರ ಕುರಿತು.

ಇಸ್ಲಾಮಿಗೆ ಮೊದಲು ಮದೀನಾದ ಔಸ್ ಮತ್ತು ಖಝ್ರಜ್ ಗೋತ್ರಗಳ ನಡುವೆ 'ಬುಆಸ್' ಎಂಬ ಭೀಕರ ಯುದ್ಧ ನಡೆದಿತ್ತು. ಅದರ ಕುರಿತ ಕವನಗಳು ಜನರ ನಾಲಿಗೆಯಲ್ಲಿದ್ದವು. ಒಂದು ಈದ್ ದಿನ ಹಝ್ರತ್ ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಬಾಲಕಿಯರು ಅವೇ ಬುಆಸ್ ಹಾಡುಗಳನ್ನು ಹಾಡುತ್ತಿದ್ದರು. ಹಝ್ರತ್ ಅಬೂಬಕರ್(ರ) ಗದರಿಸಿದಾಗ, ಇಂದು ಈದ್, ಅವರನ್ನು ಬಿಟ್ಟುಬಿಡಿ ಎಂಬ ಅರ್ಥದಲ್ಲಿ ಪ್ರವಾದಿ(ಸ) ತಡೆದರು. ಇದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ.

ಈಗ ಇನ್ನೊಂದು ಘಟನೆ ನೋಡಿ. ಇಬ್ನ್ ಇಸ್‌ಹಾಕ್ ಅವರ ಸೀರಾ ಗ್ರಂಥದಲ್ಲಿ ಅದರ ವರದಿಯಿದೆ. ಹಿಂದೆ ಪರಸ್ಪರ ರಕ್ತ ಹರಿಸಿದ್ದ ಔಸ್, ಖಝ್ರಜ್‌ನವರು ಇಸ್ಲಾಮಿನ ಬಳಿಕ ಒಟ್ಟಿಗೆ ಕುಳಿತು ಪ್ರೀತಿಯಿಂದ ಹರಟುತ್ತಿದ್ದರು. ಅವರ ಐಕ್ಯವನ್ನು ಸಹಿಸಲಾರದ ಒಬ್ಬ ವ್ಯಕ್ತಿ ಒಬ್ಬ ಯುವಕನನ್ನು ಆ ಸಭೆಗೆ ಕಳಿಸಿದ. ಅವನ ಕೈಯಲ್ಲಿ ಕತ್ತಿ ಇರಲಿಲ್ಲ. ಬುಆಸ್ ಕಾಲದ ಕವನಗಳನ್ನು ಅವರ ಮುಂದೆ ಓದು ಎಂದಷ್ಟೇ ಅವನಿಗೆ ಹೇಳಿಕೊಡಲಾಗಿತ್ತು. ಅವನು ಓದಿದ. ಮಾತಿಗೆ ಮಾತು ಬೆಳೆಯಿತು, ಹಳೆಯ ಗಾಯ ತೆರೆಯಿತು, ಆಯುಧ ತನ್ನಿ ಎಂಬ ಕೂಗೆದ್ದಿತು. ಪ್ರವಾದಿ(ಸ) ಧಾವಿಸಿ ಬಂದು ಬುದ್ಧಿ ಹೇಳಿದ ಬಳಿಕ ಅವರು ಅಳುತ್ತಾ ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ಸಹೋದರರೇ, ಎರಡೂ ಕಡೆ ಒಂದೇ ಯುದ್ಧದ ಕವನಗಳು. ಬಾಲಕಿಯರ ಬಾಯಲ್ಲಿ ಅವು ಹಬ್ಬದ ಸಂತೋಷ. ಆ ಸಭೆಯಲ್ಲಿ ಅವು ಬೆಂಕಿ. ಯಾರು, ಯಾವ ಉದ್ದೇಶದಿಂದ, ಎಂಥ ಮನಸ್ಸಿನವರ ಮುಂದೆ ಹಾಡುತ್ತಾರೆ ಎಂಬುದೇ ವ್ಯತ್ಯಾಸ.

ಇಮಾಮ್ ಗಝ್ಝಾಲಿಯವರು 'ಇಹ್ಯಾ ಉಲೂಮುದ್ದೀನ್'ನಲ್ಲಿ ಈ ವಿಷಯಕ್ಕೆ ಒಂದು ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿದ್ದಾರೆ. ಹಾಡು ಹೃದಯದಲ್ಲಿ ಈಗಾಗಲೇ ಇರುವುದನ್ನು ಕದಡಿ ಮೇಲೆ ತರುತ್ತದೆ ಎಂಬುದು ಅವರ ವಿವರಣೆಯ ಸಾರ. ಹಾಡು ನಿಷಿದ್ಧವಾಗಲು ಅವರು ಐದು ಕಾರಣಗಳನ್ನು ಕೊಡುತ್ತಾರೆ. ಹಾಡುವವರು, ವಾದ್ಯ, ಹಾಡಿನ ಮಾತು, ಕೇಳುವವನ ಸ್ಥಿತಿ, ಮತ್ತು ಅದನ್ನೇ ಚಟ ಮಾಡಿಕೊಂಡು ಹೆಚ್ಚಿನ ಸಮಯ ಕಳೆಯುವುದು. ಹಾಡಿನ ಪರ ಉದಾರವಾಗಿ ಬರೆದ ಗಝ್ಝಾಲಿಯವರೇ ಹೀಗೆ ಹೇಳಿದ್ದಾರೆ. ಅಶ್ಲೀಲ ಮಾತು, ಇನ್ನೊಬ್ಬರ ಮಾನ ಕಳೆಯುವ ಮಾತು, ಕಾಮಕ್ಕೆ ವಶವಾದ ಮನಸ್ಸನ್ನು ಇನ್ನಷ್ಟು ಕೆರಳಿಸುವ ಹಾಡು ತಪ್ಪು ಎಂಬಲ್ಲಿ ವಿದ್ವಾಂಸರೆಲ್ಲರೂ ಒಂದಾಗುತ್ತಾರೆ.

ಇದು ಹಳೆಯ ಗ್ರಂಥದ ಮಾತು ಮಾತ್ರವಲ್ಲ. 1994ರಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಟುಟ್ಸಿ ಸಮುದಾಯದ ನರಮೇಧ ನಡೆದಾಗ ಅಲ್ಲಿನ ದ್ವೇಷದ ರೇಡಿಯೋ ಸೈಮನ್ ಬಿಕಿಂಡಿ ಎಂಬ ಜನಪ್ರಿಯ ಗಾಯಕನ ಹಾಡುಗಳನ್ನು ಮತ್ತೆ ಮತ್ತೆ ಬಿತ್ತರಿಸುತ್ತಿತ್ತು. ಆತ ಧ್ವನಿವರ್ಧಕದಲ್ಲಿ ಕೊಲೆಗೆ ಕರೆ ಕೊಟ್ಟದ್ದಕ್ಕಾಗಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ 15 ವರ್ಷಗಳ ಸೆರೆವಾಸ ವಿಧಿಸಿತು. ಹಾಡುಗಳಿಗಾಗಿಯೇ ಆತನಿಗೆ ಶಿಕ್ಷೆಯಾಗಲಿಲ್ಲ. ಆದರೆ ಆ ಹಾಡುಗಳು ದ್ವೇಷ ಬೆಳೆಸಲು ಬಳಕೆಯಾದವೆಂದು ನ್ಯಾಯಮಂಡಳಿ ಕಂಡುಕೊಂಡಿತು. ಹಾಡು ಯಾರ ಕತ್ತನ್ನೂ ಕೊಯ್ಯುವುದಿಲ್ಲ. ಕೊಯ್ಯುವ ಕೈಗೆ ಅಳುಕಿಲ್ಲದಂತೆ ಮಾಡಬಲ್ಲದು.

ಇದರ ನೋವು ನಮಗೆ ಹೊಸದಲ್ಲ. ಮಸೀದಿಯ ಮುಂದೆ ಮೆರವಣಿಗೆ ನಿಲ್ಲಿಸಿ ನಮ್ಮನ್ನು ಹೀಯಾಳಿಸುವ ಹಾಡನ್ನು ಡಿಜೆಯಲ್ಲಿ ಹಾಕುವುದನ್ನು ನಾವು ಕಂಡಿದ್ದೇವೆ. 'ಬರೀ ಹಾಡಲ್ಲವೇ' ಎಂದು ಆಗ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಹಾಗಿದ್ದರೆ ನಮ್ಮ ಯುವಕರು ಕತ್ತಿಯ, ಸೇಡಿನ, ದರ್ಪದ ಹಾಡು ಹಾಕಿ ಬೈಕಿನ ರೀಲ್ಸ್ ಮಾಡಿ ಸ್ಟೇಟಸ್‌ಗೆ ಏರಿಸಿದಾಗ ಅದು ಹೇಗೆ ಬರೀ ಹಾಡಾಗುತ್ತದೆ? ಇತರರಿಗೆ ಒಂದು ತಕ್ಕಡಿ, ನಮಗೆ ಇನ್ನೊಂದು ತಕ್ಕಡಿ ಇಟ್ಟುಕೊಳ್ಳಲು ಕುರ್‌ಆನ್ ಅನುಮತಿಸುವುದಿಲ್ಲ.

ಮದುವೆಗಳ ಕುರಿತೂ ಒಂದು ಮಾತು. ನಿಕಾಹ್‌ನ ಸಂತೋಷಕ್ಕೆ ದಫ್ ಬಾರಿಸಲು ಸುನ್ನತ್‌ನಲ್ಲಿ ಅವಕಾಶವಿದೆ. ಕರಾವಳಿಯಲ್ಲಿ ದಫ್ ತಂಡಗಳಿವೆ, ಬ್ಯಾರಿ ಹಿರಿಯರ ಬಾಯಲ್ಲಿ ಚೆಂದದ ಮದುವೆ ಹಾಡುಗಳಿವೆ. ಅವನ್ನು ಬಿಟ್ಟು ಮಧ್ಯರಾತ್ರಿಯವರೆಗೆ ಡಿಜೆ ಹಾಕಿದರೆ ಪಕ್ಕದ ಮನೆಯ ರೋಗಿಗೆ ನಿದ್ದೆಯಿಲ್ಲ, ಪರೀಕ್ಷೆಗೆ ಓದುವ ಮಗುವಿಗೆ ನೆಮ್ಮದಿಯಿಲ್ಲ. ನೆರೆಯವನಿಗೆ ತೊಂದರೆ ಕೊಡುವುದು ಹರಾಮ್ ಎಂಬುದಕ್ಕೆ ಯಾವ ಮದ್‌ಹಬ್‌ನಲ್ಲೂ ಎರಡು ಮಾತಿಲ್ಲ.

ಹಾಗಾದರೆ ಮಗನಿಗೆ ಏನು ಹೇಳಬೇಕು? ಫೋನ್ ಕಸಿದು ಎಸೆಯಬೇಡಿ. ಪಕ್ಕದಲ್ಲಿ ಕುಳಿತು ಅವನು ಕೇಳುವುದನ್ನು ನೀವೂ ಒಮ್ಮೆ ಕೇಳಿ. ಬಳಿಕ ಮೂರು ಪ್ರಶ್ನೆ ಕೇಳಿ. ಒಂದು, ರಾಗ ತೆಗೆದುಬಿಟ್ಟರೆ ಈ ಮಾತುಗಳನ್ನು ತಾಯಿಯ, ತಂಗಿಯ ಮುಂದೆ ಗಟ್ಟಿಯಾಗಿ ಓದಬಲ್ಲೆಯಾ? ಎರಡು, ಈ ಹಾಡು ನಿನಗೆ ಯಾರ ಮೇಲಾದರೂ ತಿರಸ್ಕಾರ ಕಲಿಸುತ್ತಿದೆಯಾ? ಮೂರು, ಅದಾನ್ ಕೇಳಿಸಿದಾಗ ಇದನ್ನು ನಿಲ್ಲಿಸಿ ಏಳಲು ನಿನಗೆ ಸಾಧ್ಯವಾ? ಒಂದು ಕೆಟ್ಟ ಮಾತನ್ನು ಯಾರಾದರೂ ನೇರವಾಗಿ ಹೇಳಿದರೆ ನಮ್ಮ ಮನಸ್ಸು ಕೂಡಲೇ ತಡೆಯುತ್ತದೆ. ಅದೇ ಮಾತು ರಾಗದ ಜೊತೆ ಬಂದರೆ ತಡೆಯುವುದಿಲ್ಲ, ನೂರು ಸಲ ಕೇಳಿದ ಮೇಲೆ ಅದು ನಮ್ಮದೇ ಮಾತಾಗಿಬಿಡುತ್ತದೆ. ಹಾಡಿನ ಅಪಾಯ ಇಲ್ಲಿದೆ. ಈ ಪ್ರಶ್ನೆಗಳನ್ನು ಮಕ್ಕಳಿಗೆ ಕೇಳುವ ಮೊದಲು ನಮ್ಮ ಫೋನಿಗೂ, ನಮ್ಮ ಮನೆಯ ಟಿವಿಗೂ ಕೇಳೋಣ.

ಮಧುರ ಕಂಠ ಅಲ್ಲಾಹನ ಕೊಡುಗೆ. ಅಬೂ ಮೂಸಾ ಅಶ್‌ಅರೀ(ರ)ರ ಕುರ್‌ಆನ್ ಪಾರಾಯಣ ಕೇಳಿದ ಪ್ರವಾದಿ(ಸ) ಅದನ್ನು ದಾವೂದ್(ಅ)ರ ಮನೆತನದ ಇಂಪಿಗೆ ಹೋಲಿಸಿ ಮೆಚ್ಚಿದರು. ಮಕ್ಕಳ ಕಿವಿಗೆ ಒಳ್ಳೆಯ ಸ್ವರ ಸಿಗದಿದ್ದರೆ ಸಿಕ್ಕಿದ ಸ್ವರ ಅಲ್ಲಿ ತುಂಬಿಕೊಳ್ಳುತ್ತದೆ. ಕಿವಿ, ಕಣ್ಣು, ಹೃದಯ ಪ್ರತಿಯೊಂದರ ಕುರಿತೂ ವಿಚಾರಣೆಯಿದೆ ಎಂಬ ಕುರ್‌ಆನಿನ ಎಚ್ಚರಿಕೆ ನಮ್ಮ ನೆನಪಿನಲ್ಲಿರಲಿ.

ಅಲ್ಲಾಹನು ನಮ್ಮ ಕಿವಿಗಳನ್ನು ಕೆಡುಕಿನಿಂದ ಕಾಪಾಡಲಿ, ನಮ್ಮ ಹೃದಯಗಳಿಂದ ದ್ವೇಷವನ್ನು ತೊಳೆಯಲಿ, ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸಲಿ. ಆಮೀನ್.