ಗಾಡಿ ಬಂತೋ, ಬಂದಳೋ?



ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡಿ ಬೆಳೆದ ನಿಮಗೆ ಈ ತಪ್ಪು ಹೊಸದಲ್ಲ. 'ಗಾಡಿ' ಎರಡೂ ಭಾಷೆಗಳಲ್ಲಿರುವ ಪದ. ಉರ್ದುವಿನಲ್ಲಿ ಸ್ತ್ರೀಲಿಂಗ, 'ಗಾಡಿ ಆಯೀ'. ಕನ್ನಡದಲ್ಲಿ ನಪುಂಸಕಲಿಂಗ, 'ಗಾಡಿ ಬಂತು'. ನಮ್ಮ ಮಗು 'ಗಾಡಿ ಬಂದಳು' ಎನ್ನುತ್ತದೆ, ತರಗತಿ ನಗುತ್ತದೆ. ಕನ್ನಡ ಮನೆಮಾತಿನವರು 'ಗಾಡಿ ಆಯಾ' ಎಂದಾಗ ನಗುವ ಸರದಿ ನಮ್ಮದು! ಆದರೆ ನಗೆಗೆ ಅಂಜಿದ ಮಗು ಮರುದಿನ ಕೈ ಎತ್ತುವುದಿಲ್ಲ.

ಇದು ಬರೀ ಅಜಾಗರೂಕತೆ ಎಂದು ತಿಳಿದು, ಬಿ.ಇಡಿ. ಮುಗಿಸಿ ಬಂದ ಹೊಸತರಲ್ಲಿ ನಾನೂ ಕೆಂಪು ಶಾಯಿ ಸುರಿಸಿದ್ದೇನೆ.

ತಲೆಯ ಮೇಲೆ ಎಲೆಕ್ಟ್ರೋಡುಗಳನ್ನಿಟ್ಟು ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುತ್ತಾರೆ. ತಾಯ್ನುಡಿಯ ವಾಕ್ಯದಲ್ಲಿ ವ್ಯಾಕರಣ ತಪ್ಪಿದರೆ, ತಪ್ಪಿದ ಪದ ಬಂದ ಸುಮಾರು 600 ಮಿಲಿಸೆಕೆಂಡುಗಳಿಗೆ ಒಂದು ಅಲೆ ಏಳುತ್ತದೆ. ಅದರ ಹೆಸರು ಪಿ600. ನತಾಶಾ ಟೋಕೋವಿಚ್ ಮತ್ತು ಬ್ರಯನ್ ಮ್ಯಾಕ್‌ವಿನ್ನಿ, ಸ್ಪ್ಯಾನಿಷ್ ಕಲಿಯತೊಡಗಿದ್ದ ಇಂಗ್ಲಿಷ್ ಭಾಷಿಕ ವಿದ್ಯಾರ್ಥಿಗಳಲ್ಲಿ ಇದನ್ನೇ ಅಳೆದು 2005ರಲ್ಲಿ ಪ್ರಕಟಿಸಿದರು. ವಾಕ್ಯ ಸರಿಯೋ ತಪ್ಪೋ ಎಂದು ಕೇಳಿದರೆ ಆ ವಿದ್ಯಾರ್ಥಿಗಳ ಉತ್ತರ ಊಹೆಗಿಂತ ಹೆಚ್ಚೇನೂ ಇರಲಿಲ್ಲ. ಆದರೂ ಕೆಲವು ತಪ್ಪುಗಳಿಗೆ ಮೆದುಳು ಸ್ಪಂದಿಸಿತ್ತು! ಎರಡೂ ಭಾಷೆಗಳಲ್ಲಿ ಒಂದೇ ಬಗೆಯ ನಿಯಮವಿದ್ದ ಕಡೆ ಸ್ಪಂದಿಸಿತು. ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲದ ನಾಮಪದದ ಲಿಂಗ ತಪ್ಪಿದಾಗಲೂ ಸ್ಪಂದಿಸಿತು. ಸ್ಪಂದಿಸದೆ ಉಳಿದದ್ದು, ಎರಡೂ ಭಾಷೆಗಳಲ್ಲಿದ್ದು ರೀತಿ ಮಾತ್ರ ಬೇರೆಯಾದ ಕಡೆ. ಇಂಗ್ಲಿಷಿನ 'ದ' ಒಬ್ಬ ಹುಡುಗನಿಗೂ ಹತ್ತು ಹುಡುಗರಿಗೂ ಒಂದೇ. ಸ್ಪ್ಯಾನಿಷಿನಲ್ಲಿ ಒಬ್ಬನಿಗೆ 'ಎಲ್', ಹಲವರಿಗೆ 'ಲೋಸ್'. ಇದು ತಪ್ಪಿದರೆ ಮೆದುಳು ಸುಮ್ಮನಿತ್ತು.

ಆ ಪ್ರಯೋಗ ನಮ್ಮ ಮಕ್ಕಳ ಮೇಲೆ ನಡೆದದ್ದಲ್ಲ, ಹೋಲಿಕೆ ನನ್ನದು. ಉರ್ದುವಿನಲ್ಲೂ ಕನ್ನಡದಲ್ಲೂ ಲಿಂಗಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ. ಆದರೆ ಉರ್ದುವಿನಲ್ಲಿ ಗಾಡಿ, ಪುಸ್ತಕಗಳಿಗೂ ಗಂಡು ಹೆಣ್ಣು ಎಂಬ ಭೇದವುಂಟು. ಕನ್ನಡ ಅರ್ಥ ನೋಡಿ ಲಿಂಗ ಹೇಳುತ್ತದೆ. ಇದ್ದೂ ಬೇರೆಯಾಗಿರುವ ಜಾಗವೆಂದರೆ ಇದೇ. ಇಲ್ಲಿ ಎಡವಿದ ಮಗು ದಡ್ಡ ಅಲ್ಲ, ಮನೆಯ ನಿಯಮವನ್ನು ಚೆನ್ನಾಗಿ ಕಲಿತ ಮಗು.

ಈಗ ಹಲಗೆಯ ಎಡಕ್ಕೆ 'ಬಂತು', ಬಲಕ್ಕೆ 'ಆಯೀ' ಬರೆದು ಎರಡನ್ನೂ ಜೋರಾಗಿ ಓದಿಸುತ್ತೇನೆ. ಮೊನ್ನೆ, ತಿಂಗಳುಗಟ್ಟಲೆ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಹಸು ಹೆಣ್ಣಲ್ವಾ? ಮತ್ತೆ ಹಸು ಬಂತು ಅಂತೀವಲ್ಲ?" ನಾನು ಉತ್ತರ ಕೊಡುವ ಮೊದಲೇ ಹಿಂದಿನ ಬೆಂಚಿನವನು ಕೂಗಿದ: "ಕನ್ನಡದಲ್ಲಿ 'ಬಂದಳು' ಮನುಷ್ಯರಿಗೆ ಮಾತ್ರ ಕಣೇ!" ಆಗಲೂ ತರಗತಿ ನಕ್ಕಿತು, ಅವಳೂ ನಕ್ಕಳು.