ತಿಂಗಳು ತುಂಬದ ಕೂಸಿನ ಕರುಳು

(ಮುಂಬಯಿಯಲ್ಲಿ ನಡೆದ ಸಂಘದ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ರಜೆ, ಕೆಲಸದ ಗಂಟೆ, ಈ ಮೂರು ಬಿಟ್ಟು ಬೇರೆ ಮಾತಿಗೆ ನಾವು ಈ ವೇದಿಕೆ ಹತ್ತಿದ್ದು ಅಪರೂಪ. ಇವತ್ತು ಆಡಬೇಕಾದದ್ದು ಒಂದು ಕೂಸಿನ ಕರುಳಿನ ಮಾತು. “ಏಳನೇ ಇಯತ್ತೆ ಕಲಿತವರು ಡಾಕ್ಟರರ ವಿಷಯ ಹೇಳಹೊರಟಿದ್ದೀರಾ?” ಎಂದು ಬಾಗಿಲಲ್ಲೇ ಒಬ್ಬರು ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ಡಾಕ್ಟರರು ಹೇಳದೆ ಬಿಟ್ಟಿರಲಿಲ್ಲ. ಮರಾಠಿಯಲ್ಲಿ ಹೇಳಿದರು, ಹಿಂದಿಯಲ್ಲಿ ಹೇಳಿದರು. ಆ ಹೊತ್ತಿನ ಗಾಬರಿಯಲ್ಲಿ ನಮ್ಮವರ ಕಿವಿಗೆ ಬಿದ್ದದ್ದು ತಲೆಗೆ ಹತ್ತಲಿಲ್ಲ. ಅಂದಿನಿಂದ ನಾವು ಆಸ್ಪತ್ರೆಗೆ ಹಲವು ಸಲ ಹೋಗಿ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿ, ತಿಳಿದವರಿಂದ ಓದಿಸಿಕೊಂಡು ಗ್ರಹಿಸಿದ್ದನ್ನು ತಮ್ಮ ಮುಂದಿಡುತ್ತಿದ್ದೇವೆ.

ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರಿಗೆ ಹೆಣ್ಣುಮಗು ಹುಟ್ಟಿತು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಹೆಸರು ಬೇಡ. ತಾಯಿಗೆ ರಕ್ತದ ಒತ್ತಡ ಏರಿ 28 ವಾರಕ್ಕೇ ಹೊಟ್ಟೆ ಕೊಯ್ದು ತೆಗೆಯಬೇಕಾಯಿತು. ಕೂಸಿನ ತೂಕ ಒಂದು ಕಿಲೋ ನೂರು ಗ್ರಾಂ. ನಮ್ಮ ಹೋಟೆಲಿನ ಒಂದು ದೊಡ್ಡ ಸಕ್ಕರೆ ಪೊಟ್ಟಣದಷ್ಟು. ತಾಯಿ ಬೇರೆ ವಾರ್ಡಿನಲ್ಲಿ ಮಲಗಿದ್ದರು, ಹಾಲು ಇನ್ನೂ ಇಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಹಾಲಿನ ಬ್ಯಾಂಕಿತ್ತು. “ಬೇರೆ ತಾಯಂದಿರು ಕೊಟ್ಟ ಹಾಲು ಕೊಡುತ್ತೇವೆ, ಇಲ್ಲಿ ಸಹಿ ಹಾಕಿ” ಎಂದು ಸಿಸ್ಟರು ಕಾಗದ ತಂದರು. ಊರಿನಿಂದ ಬಂದಿದ್ದ ಹಿರಿಯರು ಅಡ್ಡ ಬಂದರು. ಯಾವ ಜಾತಿಯವಳ ಹಾಲೋ, ಯಾವ ರೋಗವೋ, ನಮ್ಮ ಮನೆತನದ ಕೂಸಿಗೆ ಬೇಡವೆಂದರು. ಆ ತಂದೆ ರಾತ್ರಿ ಹನ್ನೊಂದಕ್ಕೆ, ಹೋಟೆಲಿನ ಬಾಗಿಲು ಹಾಕಿದ ಮೇಲೆ, ನಮಗೆ ಫೋನು ಮಾಡಿ, “ಅಣ್ಣಾ, ಏನು ಮಾಡಲಿ?” ಎಂದು ಕೇಳಿದರು.

“ಹಿರಿಯರ ಮಾತು ಮೀರಬೇಡಪ್ಪ” ಎಂದವರು ನಾವೇ.

ಕೂಸಿಗೆ ಪುಡಿಹಾಲು ಹೋಯಿತು. ಹದಿನಾರನೆಯ ದಿನ ಹೊಟ್ಟೆ ಉಬ್ಬಿತು. ಹಸಿರು ವಾಂತಿ, ಮಲದಲ್ಲಿ ರಕ್ತ, ನಡುನಡುವೆ ಉಸಿರೇ ನಿಲ್ಲುವುದು. ಕ್ಷಕಿರಣದ ಚಿತ್ರದಲ್ಲಿ ಕರುಳಿನ ಗೋಡೆಯೊಳಗೇ ಗಾಳಿಯ ಗುಳ್ಳೆ ಕಂಡಿತು. ಹಾಲು ನಿಲ್ಲಿಸಿದರು, ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿದರು, ರಕ್ತನಾಳಕ್ಕೆ ಔಷಧಿ ಹಾಕಿದರು. ಕರುಳು ತೂತಾದ ಮೇಲೆ ಶಸ್ತ್ರಕ್ರಿಯೆಯನ್ನೂ ಮಾಡಿದರು. ಆಸ್ಪತ್ರೆಯವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಕೂಸು ಇಪ್ಪತ್ತನೆಯ ದಿನ ತೀರಿಕೊಂಡಿತು.

ಆ ಸಹಿ ಬಿದ್ದಿದ್ದರೆ ಕೂಸು ಉಳಿಯುತ್ತಿತ್ತೆಂದು ಯಾರೂ ಆಣೆಯಿಟ್ಟು ಹೇಳಲಾರರು. ಬರೀ ತಾಯಿಯ ಹಾಲನ್ನೇ ಕುಡಿದ ಕೂಸಿಗೂ ಈ ಕಾಯಿಲೆ ಬರುವುದುಂಟು. ಆದರೆ ಅಪಾಯ ಎಷ್ಟು ಕಡಿಮೆಯಾಗುತ್ತಿತ್ತೆಂಬುದನ್ನು ತಿಳಿದಮೇಲೆ ನಮಗೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ರೋಗದ ಹೆಸರು ನೆಕ್ರೋಟೈಸಿಂಗ್ ಎಂಟರೋಕೊಲೈಟಿಸ್. ನಾಲಿಗೆ ಹೊರಳದಿದ್ದರೆ ಎನ್.ಇ.ಸಿ. ಎನ್ನಿ, ಡಾಕ್ಟರರೂ ಹಾಗೆಯೇ ಅನ್ನುತ್ತಾರೆ. ಕರುಳಿನ ಗೋಡೆ ಉರಿದು, ರಕ್ತ ಸಾಲದೆ, ಇದ್ದಲ್ಲೇ ಸತ್ತುಹೋಗುವುದು ಎಂದು ಅರ್ಥ. ತಿಂಗಳು ತುಂಬಿದ ಕೂಸಿಗೆ ಇದು ಬರುವುದು ಅಪರೂಪ. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳಲ್ಲಿ 100ಕ್ಕೆ ಐದರಿಂದ ಏಳಕ್ಕೆ ಬರುತ್ತದೆ. ಬಂದವುಗಳಲ್ಲಿ 100ಕ್ಕೆ 20ರಿಂದ 30 ತೀರಿಕೊಳ್ಳುತ್ತವೆ. ಶಸ್ತ್ರಕ್ರಿಯೆಯವರೆಗೆ ಹೋದರೆ ಸಾವು ಇನ್ನೂ ಹೆಚ್ಚು. ಬರುವುದೂ ಹುಟ್ಟಿದ ಕೂಡಲೇ ಅಲ್ಲ. ಎರಡು ಮೂರು ವಾರ ಕಳೆದು, ಕೂಸು ಚೇತರಿಸಿಕೊಂಡಿತು ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೇ ಬರುತ್ತದೆ. 2020ರಲ್ಲಿ ಲೋಕದಲ್ಲಿ ಸುಮಾರು 1 ಕೋಟಿ 34 ಲಕ್ಷ ಕೂಸುಗಳು 37 ವಾರ ತುಂಬುವ ಮೊದಲೇ ಹುಟ್ಟಿದವು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಹಾಗಾಗಿ ಇದು ಯಾರದೋ ಮನೆಯ ಮಾತೆಂದು ತಿಳಿಯಬೇಡಿ.

ಬೇಗ ಹುಟ್ಟಿದ ಕೂಸಿಗೇ ಏಕೆ? ಇದು ನಮಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ರೋಗಗಳನ್ನು ತಡೆಯುವ ಕಾವಲು ಕಣಗಳನ್ನು ತಾಯಿ ತನ್ನ ರಕ್ತದಿಂದ ಕೂಸಿಗೆ ದಾಟಿಸುತ್ತಾಳೆ. ಅದರ ಬಹುಪಾಲು ದಾಟುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಏಳು ತಿಂಗಳಿಗೆ ಹೊರಬಂದ ಕೂಸು ಆ ಬುತ್ತಿಯನ್ನು ಕಟ್ಟಿಸಿಕೊಳ್ಳದೆಯೇ ಹೊರಟ ಪ್ರಯಾಣಿಕನ ಹಾಗೆ. ಕರುಳಿನ ಒಳಮೈಯನ್ನು ಕಾಯುವ ಲೋಳೆಯ ಪದರ ಇನ್ನೂ ತೆಳು. ಅದರ ಕೆಳಗಿನ ಗೋಡೆಯೆಂದರೆ ಒಂದೇ ಸಾಲು ಜೀವಕೋಶ. ಜಠರದ ಹುಳಿ ಕಡಿಮೆ, ಕರುಳಿನ ಚಲನೆ ನಿಧಾನ, ಹಾಲು ನಿಂತಲ್ಲೇ ನಿಲ್ಲುತ್ತದೆ. ಬೇಸಗೆಯಲ್ಲಿ ಮುಚ್ಚಳ ಹಾಕಿಟ್ಟ ಹಿಟ್ಟು ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮುಖ್ಯವಾದದ್ದು ಇನ್ನೊಂದಿದೆ. ಕರುಳಿನ ಕೋಶಗಳ ಮೇಲೆ ಟಿ.ಎಲ್.ಆರ್. ನಾಲ್ಕು ಎಂಬ ಒಂದು ಗುರುತುಗಾರನಿದ್ದಾನೆ. ಕೆಲವು ಜಾತಿಯ ಬ್ಯಾಕ್ಟೀರಿಯಾಗಳ ಹೊರಮೈಯನ್ನು ಮುಟ್ಟಿ ನೋಡಿ ಕೂಗು ಹಾಕುವುದು ಅವನ ಕೆಲಸ. ಗರ್ಭದಲ್ಲಿ ಕರುಳು ಬೆಳೆಯುವುದಕ್ಕೂ ಅವನೇ ಬೇಕು, ಆದ್ದರಿಂದ ಆಗ ಅವನ ಸಂಖ್ಯೆ ಹೆಚ್ಚು. ತಿಂಗಳು ತುಂಬುವ ಹೊತ್ತಿಗೆ ಇಳಿಯುತ್ತದೆ. ಮೊದಲೇ ಹುಟ್ಟಿದ ಕೂಸಿನಲ್ಲಿ ಇಳಿದಿರುವುದಿಲ್ಲ. ಹೊಸದಾಗಿ ಬಾಗಿಲಿಗೆ ನಿಲ್ಲಿಸಿದ ಕಾವಲುಗಾರರ ದಂಡು ಗಿರಾಕಿ ಯಾರು, ಕಳ್ಳ ಯಾರು ಎಂದು ತಿಳಿಯದೆ ಎಲ್ಲರ ಮೇಲೂ ಬಿದ್ದು, ಕೊನೆಗೆ ಹೋಟೆಲಿನ ಮೇಜು ಕುರ್ಚಿಯನ್ನೇ ಮುರಿದ ಹಾಗೆ ಆಗುತ್ತದೆ. ಕರುಳಿನ ಕೋಶಗಳು ಸಾಯುತ್ತವೆ. ಸತ್ತ ಜಾಗಕ್ಕೆ ಹೊಸ ಕೋಶ ಬರುವುದಿಲ್ಲ. ಸಣ್ಣ ರಕ್ತನಾಳಗಳು ಬಿಗಿದು ರಕ್ತ ನಿಲ್ಲುತ್ತದೆ. ಶಕ್ತಿ ಸಾಲದೆ ಬಂದ ರೋಗ ಎಂದು ನಾವು ಭಾವಿಸಿದ್ದೆವು. ಅರ್ಧ ಮಾತ್ರ ನಿಜ. ಕೂಸಿನ ಕಾವಲು ಒಂದು ಕಡೆ ಬರಿದು, ಇನ್ನೊಂದು ಕಡೆ ಹದತಪ್ಪಿ ಉಗ್ರ.

ಎದೆಹಾಲು ಇಲ್ಲಿ ಎರಡು ಕೆಲಸ ಮಾಡುತ್ತದೆ. ಆ ಗುರುತುಗಾರನ ಉಗ್ರತೆಯನ್ನು ತಗ್ಗಿಸುವ ಅಂಶಗಳು ಅದರಲ್ಲಿವೆ. ಐ.ಜಿ.ಎ. ಎಂಬ ಕಾವಲು ಕಣವೂ ಇದೆ. ಅದು ಬ್ಯಾಕ್ಟೀರಿಯಾವನ್ನು ಹಿಡಿದು ಗೋಡೆಗೆ ತಾಗದಂತೆ ನೋಡಿಕೊಳ್ಳುತ್ತದೆ. ಕೂಸು ಮೊದಲ ವಾರಗಳಲ್ಲಿ ಅದನ್ನು ತಾನೇ ಮಾಡಿಕೊಳ್ಳಲಾರದು, ಹಾಲಿನಿಂದಲೇ ಬರಬೇಕು. 2019ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ವಿಜ್ಞಾನಿಗಳು ಇಂಥ ಕೂಸುಗಳ ಮಲವನ್ನು ಪರೀಕ್ಷಿಸಿ ಒಂದು ಸಂಗತಿ ಕಂಡರು: ರೋಗ ತಲೆದೋರುವ ಮೊದಲೇ ಐ.ಜಿ.ಎ. ಹಿಡಿತಕ್ಕೆ ಸಿಕ್ಕದ ಬ್ಯಾಕ್ಟೀರಿಯಾ ಹೆಚ್ಚುತ್ತಿದ್ದವು. ಅದಕ್ಕೂ ಬಹಳ ಹಿಂದೆ, 1990ರಲ್ಲಿ, ಇಂಗ್ಲೆಂಡಿನಲ್ಲಿ ಲ್ಯೂಕಸ್ ಮತ್ತು ಕೋಲ್ ಎಂಬವರು 926 ಕೂಸುಗಳ ಲೆಕ್ಕ ಪ್ರಕಟಿಸಿದ್ದರು. ಬರೀ ಪುಡಿಹಾಲು ಕುಡಿದವುಗಳಲ್ಲಿ ಈ ರೋಗ ಬರೀ ಎದೆಹಾಲು ಕುಡಿದವುಗಳಿಗಿಂತ ಆರರಿಂದ ಹತ್ತು ಪಾಲು ಹೆಚ್ಚು. ನಾವು ಫೋನಿನಲ್ಲಿ ಸಲಹೆ ಕೊಟ್ಟಾಗ ಈ ಲೆಕ್ಕಕ್ಕೆ ಮೂವತ್ತು ವರ್ಷ ದಾಟಿತ್ತು.

ಇನ್ನು ಹಾಲಿನ ಬ್ಯಾಂಕು. ಏಷ್ಯಾದಲ್ಲೇ ಮೊದಲನೆಯದು ಹುಟ್ಟಿದ್ದು ನಮ್ಮ ಇದೇ ಮುಂಬಯಿಯಲ್ಲಿ. 1989ರಲ್ಲಿ ಸಯನಿನ ಲೋಕಮಾನ್ಯ ತಿಲಕ ಮುನಿಸಿಪಲ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಅದನ್ನು ಆರಂಭಿಸಿದರು. ಆ ಆಸ್ಪತ್ರೆಯ ಮುಂದೆ ನಮ್ಮಲ್ಲಿ ಎಷ್ಟು ಮಂದಿ ದಿನವೂ ಹಾದುಹೋಗುತ್ತೇವೆ! ಹಾಲು ಕೊಡುವ ತಾಯಿಯ ರಕ್ತವನ್ನು ಎಚ್.ಐ.ವಿ., ಕಾಮಾಲೆ ಮೊದಲಾದವಕ್ಕೆ ಪರೀಕ್ಷಿಸುತ್ತಾರೆ. ಹಾಲನ್ನು ನಾವು ಮಾಡುವಂತೆ ಉಕ್ಕಿಸುವುದಿಲ್ಲ, 62.5 ಡಿಗ್ರಿಯಲ್ಲಿ ಸರಿಯಾಗಿ 30 ನಿಮಿಷ ಕಾಯಿಸಿ, ಥಟ್ಟನೆ ತಣಿಸಿ, ಪರೀಕ್ಷೆಗೆ ಕಳಿಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ಆ ಕಾಯಿಸುವಿಕೆಯಲ್ಲಿ ಕಾವಲು ಕಣಗಳ ಸ್ವಲ್ಪ ಭಾಗ ನಷ್ಟವಾಗುವುದು ನಿಜ. ಅದಕ್ಕೇ ಮೊದಲ ಸ್ಥಾನ ಹೆತ್ತ ತಾಯಿಯ ಹಾಲಿಗೆ, ಹನಿ ಎರಡು ಹನಿಯಾದರೂ ಸರಿ. ಅದು ಸಾಲದಾಗ ಬ್ಯಾಂಕಿನ ಹಾಲು. ಪುಡಿ ಕೊನೆಗೆ.

ಜಾತಿಯ ಮಾತು ಹೇಳದೆ ಮುಂದೆ ಹೋಗಲಾರೆವು. ಕೂಸು ತೀರಿದ ಮೇಲೆ ಆ ತಾಯಿಗೆ ಹಾಲು ಇಳಿಯಿತು. ಎದೆ ಕಲ್ಲಾಗಿ ನೋಯುತ್ತಿತ್ತು. ಹಿಂಡಿ ಮೋರಿಗೆ ಚೆಲ್ಲುವಂತೆ ಹಿರಿಯರು ಹೇಳಿದರು. ಆಕೆ ಚೆಲ್ಲಲಿಲ್ಲ, ಆಸ್ಪತ್ರೆಗೆ ಹೋದರು. ಹನ್ನೊಂದು ದಿನ ಕೊಟ್ಟರು. ಯಾರ ಮಗುವಿಗೆ ಹೋಯಿತೋ ಆಕೆ ಕೇಳಲಿಲ್ಲ. ಆಕೆ ಈ ಸಭೆಯಲ್ಲಿದ್ದಾರೆ. ನಮ್ಮ ಹೋಟೆಲುಗಳಲ್ಲಿ ಒಂದು ಕಾಲದಲ್ಲಿ ಯಾರು ಒಳಗೆ, ಯಾರು ಹೊರಗೆ ಕೂರಬೇಕೆಂದು ನೋಡುತ್ತಿದ್ದರೆಂದು ಹಳಬರಿಂದ ಕೇಳಿ ನಾವು ನಗುತ್ತೇವೆ. ನಗುವವರು ಆ ರಾತ್ರಿ ಫೋನಿನಲ್ಲಿ ಏನು ಹೇಳಿದೆವೆಂಬುದು ನಮಗೇ ಗೊತ್ತು.

ಅಜ್ಜಿಯಂದಿರಲ್ಲೂ ಒಂದು ಮಾತು. ಜೇನು ನೆಕ್ಕಿಸುವುದು, ಬಜೆ ತೇದು ಹಾಕುವುದು, ಹರಳೆಣ್ಣೆ ಕುಡಿಸುವುದು ತಲೆತಲಾಂತರದಿಂದ ಬಂದಿದೆ, ಪ್ರೀತಿಯಿಂದಲೇ ಮಾಡುತ್ತೀರಿ. ಈ ಕೂಸುಗಳಿಗೆ ದಯವಿಟ್ಟು ಬೇಡ. ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಚೆಲ್ಲಲೂ ಬೇಡಿ, ಕಾವಲು ಕಣ ಹೆಚ್ಚಿರುವುದು ಅದರಲ್ಲೇ. ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ದೃಷ್ಟಿ ತೆಗೆಯುವುದು ಆಮೇಲೆ, ಮೊದಲು ಟ್ಯಾಕ್ಸಿ ಹಿಡಿಯಿರಿ.

ಗಂಡಸರಿಗೂ ಕೆಲಸವಿದೆ. ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ 1978ರ ಸುಮಾರಿಗೆ, ಗಾಜಿನ ಪೆಟ್ಟಿಗೆಗಳು ಸಾಲದೆ, ಡಾ. ಎಡ್ಗರ್ ರೇ ಎಂಬವರು ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿಡುವ ಕ್ರಮ ತಂದರು. ಕಾಂಗರೂ ಆರೈಕೆ ಎನ್ನುತ್ತಾರೆ. ಹುಟ್ಟಿದ ಕೂಡಲೇ ಹೀಗೆ ಮಾಡಿದರೆ ಸಾವು ಕಾಲುಭಾಗ ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ತೋರಿಸಿತು. ನಮ್ಮ ದಿಲ್ಲಿಯ ಆಸ್ಪತ್ರೆಯೂ ಅದರಲ್ಲಿತ್ತು. ತಾಯಿಗೆ ಆಗದಾಗ ತಂದೆಯ ಎದೆಯೂ ನಡೆಯುತ್ತದೆ. ಆದರೆ ತಂದೆ ಎಲ್ಲಿ? ದೋಸೆ ಕಾವಲಿಯ ಮುಂದೆ. ಕೇಂದ್ರ ಸರ್ಕಾರದ ನೌಕರನಿಗೆ ಮಗು ಹುಟ್ಟಿದರೆ 15 ದಿನ ರಜೆ ಉಂಟು. ಖಾಸಗಿ ಹೋಟೆಲಿನವನಿಗೆ ಅಂಥ ಕಾನೂನಿಲ್ಲ. 2017ರ ತಿದ್ದುಪಡಿ ತಾಯಂದಿರ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ ನಮ್ಮ ಅಕ್ಕಂದಿರಲ್ಲಿ ಹೆಸರು ಮಸ್ಟರಿನಲ್ಲಿ ಇರುವವರೆಷ್ಟು? ಆ ಹದಿನಾರನೆಯ ದಿನ ನಮ್ಮ ಸದಸ್ಯರು ರಜೆ ಕೇಳಿದಾಗ ಸಿಕ್ಕಿದ್ದು ಎರಡು ಗಂಟೆ. ಮಾಲೀಕರ ಹೆಸರು ಇಲ್ಲಿ ಎತ್ತುವುದಿಲ್ಲ, ಅವರೊಡನೆ ಮಾತುಕತೆ ನಡೆದಿದೆ.

ಕಾರ್ಯಕಾರಿ ಸಮಿತಿಯ ಮುಂದೆ ಮೂರು ಸೂಚನೆ ಇಟ್ಟಿದ್ದೇವೆ. ಈ ವರ್ಷದ ಬೇಡಿಕೆ ಪತ್ರದಲ್ಲಿ ತಂದೆಗೆ 15 ದಿನ ಸಂಬಳದ ರಜೆ ಸೇರಬೇಕು. ಸದಸ್ಯರ ಮನೆಯಲ್ಲಿ ಅವಧಿಗೆ ಮುನ್ನ ಹೆರಿಗೆಯಾದರೆ ಕನ್ನಡ, ಮರಾಠಿ ಎರಡೂ ಬಲ್ಲ ಒಬ್ಬರು ಅಂದೇ ಆಸ್ಪತ್ರೆಗೆ ಹೋಗಿ ಡಾಕ್ಟರರ ಮಾತನ್ನು ತಿಳಿಸಿ ಹೇಳಬೇಕು. ಮೊಲೆಯೂಡಿಸುವ ತಾಯಂದಿರಲ್ಲಿ ಹಾಲು ಕೊಡಲು ಮನಸ್ಸಿದ್ದವರ ಪಟ್ಟಿ ನಮ್ಮ ಕಚೇರಿಯಲ್ಲಿರಬೇಕು. ಆ ಪಟ್ಟಿಯ ಪುಸ್ತಕ ಅಲ್ಲಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಮೊದಲ ಪುಟದಲ್ಲಿ ಈಗಾಗಲೇ ಎರಡು ಹೆಸರಿವೆ. ಚಹಾ ಕುಡಿದು ಹೋಗುವಾಗ ಒಮ್ಮೆ ನೋಡಿ.